ತಾಲ್ಲೂಕು ಅಭಿವೃದ್ಧಿ ಸೂಚ್ಯಂಕ ಮತ್ತು ಹಿಂದುಳಿದ ತಾಲ್ಲೂಕುಗಳ ವರ್ಗೀಕರಣ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಿಂದ ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು "ನಮ್ಮದು ಹಿಂದುಳಿದ ತಾಲ್ಲೂಕು, ಆದುದರಿಂದ ನಮಗೆ ವಿಶೇಷ ಸೌಲಭ್ಯವಿದೆಯೇ?" ಎಂದು ವಿಚಾರಿಸುವುದು ಸಾಮಾನ್ಯವಾಗಿದೆ. ತಾಲ್ಲೂಕನ್ನು ಹಿಂದುಳಿದಿದೆ ಎಂದು ನಿರ್ಧರಿಸುವವರು ಯಾರು, ಯಾವ ಅಳತೆಯಿಂದ ನಿರ್ಧರಿಸಲಾಗುತ್ತದೆ, ಅದರಿಂದ ಸರ್ಕಾರದ ಅನುದಾನ ಹೇಗೆ ಹಂಚಿಕೆಯಾಗುತ್ತದೆ ಮತ್ತು ಅರ್ಜಿದಾರರ ದಾಖಲೆಗಳಿಗೂ ಈ ಅಳತೆಗೂ ಇರುವ ಸಂಬಂಧವೇನು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

ಒಂದು ಅಂಶವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಸೂಚ್ಯಂಕವು ತಾಲ್ಲೂಕಿನ ಲೆಕ್ಕವೇ ಹೊರತು ವ್ಯಕ್ತಿಯ ಅರ್ಹತಾ ಪತ್ರವಲ್ಲ. ಆದರೆ ಆ ಲೆಕ್ಕವು ವ್ಯಕ್ತಿಗಳ ದಾಖಲೆಗಳಿಂದಲೇ ಕೂಡಿ ಬರುತ್ತದೆ. ದಾಖಲೆಯಲ್ಲಿ ಇಲ್ಲದ ಕುಟುಂಬದ ಕೊರತೆಯು ತಾಲ್ಲೂಕಿನ ಕೊರತೆಯಾಗಿ ಎಲ್ಲಿಯೂ ಕಾಣಿಸುವುದಿಲ್ಲ.

2. ಜನಜೀವನವನ್ನು ಅಳೆಯುವ ಕ್ರಮದ ಹಿನ್ನೆಲೆ

ಒಂದು ದೇಶದ ಪ್ರಗತಿಯನ್ನು ಅದರ ಒಟ್ಟು ಉತ್ಪನ್ನ ಹಾಗೂ ತಲಾ ಆದಾಯದಿಂದ ಅಳೆಯುವುದು ಬಹುಕಾಲದ ರೂಢಿಯಾಗಿತ್ತು. ಆದಾಯವು ಏರಿದರೂ ಶಿಶು ಮರಣ ಇಳಿಯದಿರಬಹುದು, ಹೆಣ್ಣು ಮಕ್ಕಳು ಶಾಲೆಯಿಂದ ಹೊರಗೆ ಉಳಿದಿರಬಹುದು. ಈ ಕೊರತೆಯನ್ನು ಸರಿಪಡಿಸಲು 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಆರೋಗ್ಯ, ಶಿಕ್ಷಣ ಮತ್ತು ಆದಾಯ ಎಂಬ ಮೂರು ಅಂಶಗಳನ್ನು ಒಗ್ಗೂಡಿಸಿದ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಪ್ರಕಟಿಸಿತು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಹಾಗೂ ಭಾರತದ ಅಮರ್ತ್ಯ ಸೇನ್ ಅವರ ಚಿಂತನೆ ಇದರ ಹಿಂದಿದೆ.

ನೆರೆಯ ಭೂತಾನವು ಒಟ್ಟು ರಾಷ್ಟ್ರೀಯ ಸಂತೋಷವನ್ನು ಆಡಳಿತದ ಗುರಿಯಾಗಿ ಸ್ವೀಕರಿಸಿ, 2008ರ ತನ್ನ ಸಂವಿಧಾನದಲ್ಲಿಯೂ ಅದನ್ನು ಸೇರಿಸಿತು. ಅಲ್ಲಿನ ಸೂಚ್ಯಂಕದಲ್ಲಿ 9 ವಲಯಗಳೂ 33 ಸೂಚಕಗಳೂ ಇವೆ. ನಮ್ಮ ದೇಶದಲ್ಲಿ ನೀತಿ ಆಯೋಗವು 2021ರಿಂದ ರಾಷ್ಟ್ರೀಯ ಬಹು ಆಯಾಮ ಬಡತನ ಸೂಚ್ಯಂಕವನ್ನು ಪ್ರಕಟಿಸುತ್ತಿದೆ. ಪೌಷ್ಟಿಕತೆ, ಶಾಲಾ ಹಾಜರಾತಿ, ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ವಸತಿ, ಬ್ಯಾಂಕ್ ಖಾತೆ ಮೊದಲಾದ 12 ಸೂಚಕಗಳು ಇದರಲ್ಲಿವೆ. 2023ರ ವರದಿಯಂತೆ ಕರ್ನಾಟಕದಲ್ಲಿ ಬಹು ಆಯಾಮ ಬಡತನಕ್ಕೆ ಒಳಗಾದವರ ಪ್ರಮಾಣವು 2015-16ರಲ್ಲಿ ಶೇ. 12.77 ಇದ್ದುದು 2019-21ರಲ್ಲಿ ಶೇ. 7.58ಕ್ಕೆ ಇಳಿದಿದೆ.

ಸದರಿ ರಾಷ್ಟ್ರೀಯ ಸೂಚ್ಯಂಕವು ಕುಟುಂಬ ಆರೋಗ್ಯ ಸಮೀಕ್ಷೆಯ ಮಾದರಿ ಕುಟುಂಬಗಳನ್ನು ಆಧರಿಸಿದೆ. ಇದು ಜಿಲ್ಲೆಯವರೆಗೆ ಮಾತ್ರ ಚಿತ್ರಣ ನೀಡಬಲ್ಲದು. ತಾಲ್ಲೂಕು, ಹೋಬಳಿಗಳ ಸ್ಥಿತಿಯನ್ನು ಇದರಿಂದ ತಿಳಿಯಲು ಸಾಧ್ಯವಿಲ್ಲ. ಆ ಕಾರ್ಯವನ್ನು ಕರ್ನಾಟಕವು ತನ್ನದೇ ಕ್ರಮದಲ್ಲಿ ಕೈಗೊಂಡಿತು.

3. ಕರ್ನಾಟಕದಲ್ಲಿ ಕೈಗೊಂಡ ಕ್ರಮ

ಕರ್ನಾಟಕದ ಮೊದಲ ಮಾನವ ಅಭಿವೃದ್ಧಿ ವರದಿಯು 1999ರಲ್ಲಿ ಪ್ರಕಟವಾಯಿತು. ಎರಡನೆಯದು 2005ರ ವರದಿ. ಅದರಲ್ಲಿ 2001ರ ಅಂಕಿ ಅಂಶಗಳ ಪ್ರಕಾರ ರಾಜ್ಯದ ಸೂಚ್ಯಂಕ 0.650 ಹಾಗೂ ದಾವಣಗೆರೆ ಜಿಲ್ಲೆಯ ಸೂಚ್ಯಂಕ 0.635 ಆಗಿತ್ತು. ಬೆಂಗಳೂರು ನಗರ ಜಿಲ್ಲೆಯು ಮೊದಲ ಸ್ಥಾನದಲ್ಲಿಯೂ ರಾಯಚೂರು ಕೊನೆಯ ಸ್ಥಾನದಲ್ಲಿಯೂ ಇದ್ದವು.

ಈ ಸಂಖ್ಯೆಯನ್ನು ಮಾತ್ರ ನೋಡಿದಲ್ಲಿ ದಾವಣಗೆರೆ ಜಿಲ್ಲೆಯು ರಾಜ್ಯದ ಸರಾಸರಿಗಿಂತ ಸ್ವಲ್ಪವೇ ಕೆಳಗಿದೆ ಎಂದು ತೋರುವುದು. ಆದರೆ ವ್ಯಾಪಾರ ಹಾಗೂ ಶಿಕ್ಷಣ ಕೇಂದ್ರವಾದ ದಾವಣಗೆರೆ ನಗರವೂ, ಮಳೆಯನ್ನೇ ನಂಬಿದ ಜಗಳೂರಿನ ಗ್ರಾಮಗಳೂ ಇದೇ ಒಂದು ಸರಾಸರಿಯಲ್ಲಿ ಸೇರಿವೆ. ಜಿಲ್ಲೆಯ ಸರಾಸರಿಯು ತಾಲ್ಲೂಕಿನ ಕೊರತೆಯನ್ನು ಮರೆಮಾಚುತ್ತದೆ. ಆದುದರಿಂದ ತಾಲ್ಲೂಕನ್ನೇ ಘಟಕವಾಗಿ ಪರಿಗಣಿಸುವ ಅಧ್ಯಯನವು ಅಗತ್ಯವಾಗಿತ್ತು.

4. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ

ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ರಾಜ್ಯ ಸರ್ಕಾರವು 2000ನೇ ಸಾಲಿನಲ್ಲಿ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ರಚಿಸಿತು. ಸಮಿತಿಯು 2002ರ ಜೂನ್ ತಿಂಗಳಿನಲ್ಲಿ ವರದಿ ಸಲ್ಲಿಸಿತು. ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳನ್ನು ಸಮಿತಿಯು ಒಟ್ಟು 35 ಸೂಚಕಗಳಿಂದ ಅಳೆಯಿತು. ಅವುಗಳ ವಿಂಗಡಣೆ ಈ ಕೆಳಕಂಡಂತಿದೆ.

ಅ) ಕೃಷಿ ಮತ್ತು ಸಂಬಂಧಿತ ಚಟುವಟಿಕೆಗಳು: 9 ಸೂಚಕಗಳು
ಆ) ಕೈಗಾರಿಕೆ, ವ್ಯಾಪಾರ ಮತ್ತು ಹಣಕಾಸು: 5 ಸೂಚಕಗಳು
ಇ) ಆರ್ಥಿಕ ಮೂಲಸೌಕರ್ಯ: 9 ಸೂಚಕಗಳು
ಈ) ಸಾಮಾಜಿಕ ಮೂಲಸೌಕರ್ಯ: 7 ಸೂಚಕಗಳು
ಉ) ಜನಸಂಖ್ಯೆಯ ಲಕ್ಷಣಗಳು: 5 ಸೂಚಕಗಳು

ಆಸ್ಪತ್ರೆ ಹಾಸಿಗೆ, ವೈದ್ಯರ ಸಂಖ್ಯೆ, ಶಾಲೆಯಿಂದ ಹೊರಗುಳಿದ ಮಕ್ಕಳು, ಕುಡಿಯುವ ನೀರು, ರಸ್ತೆ, ದೂರವಾಣಿ, ಬ್ಯಾಂಕ್ ಶಾಖೆ ಮುಂತಾದ ದಿನನಿತ್ಯದ ವಿಷಯಗಳೇ ಇವುಗಳಲ್ಲಿ ಸೇರಿವೆ.

5. ಸೂಚ್ಯಂಕವನ್ನು ಲೆಕ್ಕ ಹಾಕುವ ಕ್ರಮ

ಪ್ರತಿಯೊಂದು ಸೂಚಕದಲ್ಲಿ ರಾಜ್ಯದ ಸರಾಸರಿಯನ್ನು 1 ಎಂದು ಭಾವಿಸಿ, ಅದರೊಡನೆ ತಾಲ್ಲೂಕಿನ ಸ್ಥಿತಿಯನ್ನು ಹೋಲಿಸಲಾಗುತ್ತದೆ. ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಉದಾಹರಣೆ: ಹತ್ತು ಸಾವಿರ ಜನರಿಗೆ ರಾಜ್ಯದಲ್ಲಿ ಸರಾಸರಿ 8 ಆಸ್ಪತ್ರೆ ಹಾಸಿಗೆಗಳಿದ್ದು, ಒಂದು ತಾಲ್ಲೂಕಿನಲ್ಲಿ 6 ಮಾತ್ರ ಇದ್ದರೆ, ಆ ಬಾಬಿನಲ್ಲಿ ತಾಲ್ಲೂಕಿನ ಅಂಕ 0.75 ಆಗುತ್ತದೆ. ಹೀಗೆ ಎಲ್ಲ ಸೂಚಕಗಳ ಅಂಕಗಳನ್ನು ಅವುಗಳ ಪ್ರಾಮುಖ್ಯಕ್ಕೆ ಅನುಗುಣವಾಗಿ ಒಗ್ಗೂಡಿಸಿದಾಗ ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕವು ದೊರೆಯುತ್ತದೆ. ಇದರ ಆಧಾರದ ಮೇಲೆ ತಾಲ್ಲೂಕುಗಳನ್ನು ಈ ಕೆಳಕಂಡಂತೆ ವರ್ಗೀಕರಿಸಲಾಯಿತು.

ಅ) ಅತ್ಯಂತ ಹಿಂದುಳಿದ ತಾಲ್ಲೂಕುಗಳು (0.53ರಿಂದ 0.79): 39
ಆ) ಅತಿ ಹಿಂದುಳಿದ ತಾಲ್ಲೂಕುಗಳು (0.80ರಿಂದ 0.88): 40
ಇ) ಹಿಂದುಳಿದ ತಾಲ್ಲೂಕುಗಳು (0.89ರಿಂದ 0.99): 35
ಈ) ಸಾಪೇಕ್ಷವಾಗಿ ಅಭಿವೃದ್ಧಿ ಹೊಂದಿದ ತಾಲ್ಲೂಕುಗಳು (1 ಮತ್ತು ಅದಕ್ಕಿಂತ ಹೆಚ್ಚು): 61

ಮೊದಲ ಮೂರು ವರ್ಗಗಳನ್ನು ಕೂಡಿದಾಗ ಹಿಂದುಳಿದ ತಾಲ್ಲೂಕುಗಳ ಸಂಖ್ಯೆ 114 ಆಗುತ್ತದೆ. ಇವುಗಳಲ್ಲಿ 59 ಉತ್ತರ ಕರ್ನಾಟಕದಲ್ಲಿಯೂ 55 ದಕ್ಷಿಣ ಕರ್ನಾಟಕದಲ್ಲಿಯೂ ಇವೆ. ಹಿಂದುಳಿಯುವಿಕೆಯು ಉತ್ತರದ ಜಿಲ್ಲೆಗಳಿಗೆ ಮಾತ್ರ ಸೀಮಿತವೆಂಬ ಭಾವನೆ ಸರಿಯಲ್ಲವೆಂದು ಈ ಸಂಖ್ಯೆಗಳು ತೋರಿಸುತ್ತವೆ. ಆದರೆ ಅತ್ಯಂತ ಹಿಂದುಳಿದ 39ರ ಪೈಕಿ 26 ತಾಲ್ಲೂಕುಗಳು ಉತ್ತರದವು ಎಂಬುದನ್ನೂ ಗಮನಿಸತಕ್ಕದ್ದು.

6. ವಿಶೇಷ ಅಭಿವೃದ್ಧಿ ಯೋಜನೆ

ಸದರಿ ತಾಲ್ಲೂಕುಗಳನ್ನು ರಾಜ್ಯದ ಸರಾಸರಿ ಮಟ್ಟಕ್ಕೆ ತರಲು 8 ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿಯು ಶಿಫಾರಸು ಮಾಡಿತು. ಇದರಲ್ಲಿ 16,000 ಕೋಟಿ ರೂಪಾಯಿ ಹೆಚ್ಚುವರಿ ಹಣವಾಗಿಯೂ, 15,000 ಕೋಟಿ ರೂಪಾಯಿ ವಾಡಿಕೆಯ ಆಯವ್ಯಯದಿಂದಲೂ ಬರಬೇಕಿತ್ತು. ಉತ್ತರ ಕರ್ನಾಟಕಕ್ಕೆ ಶೇ. 60 ಹಾಗೂ ದಕ್ಷಿಣ ಕರ್ನಾಟಕಕ್ಕೆ ಶೇ. 40 ಎಂಬುದು ಹಂಚಿಕೆಯ ಸೂತ್ರವಾಗಿತ್ತು. ಬೆಂಗಳೂರು ಕಂದಾಯ ವಿಭಾಗಕ್ಕೆ ಸೇರಿದ ದಾವಣಗೆರೆ ಜಿಲ್ಲೆಯು ದಕ್ಷಿಣದ ಪಾಲಿನಲ್ಲಿ ಸೇರುತ್ತದೆ.

ಯೋಜನೆಯು 2007-08ನೇ ಸಾಲಿನಿಂದ ಅನುಷ್ಠಾನಕ್ಕೆ ಬಂದು, ಎಂಟು ವರ್ಷಗಳ ಅವಧಿಯ ನಂತರವೂ ಮುಂದುವರಿಯಿತು. ನೀರಾವರಿ, ರಸ್ತೆ, ವಸತಿ, ಆರೋಗ್ಯ, ಶಿಕ್ಷಣ, ಕುಡಿಯುವ ನೀರು ಮುಂತಾದ ಬಾಬುಗಳಲ್ಲಿ ಆಯಾ ಇಲಾಖೆಗಳ ಮೂಲಕ ಅನುದಾನ ಒದಗಿಸಲಾಗುತ್ತದೆ. ಅನುದಾನವು ಕಾಮಗಾರಿಗಳಿಗೆ ಹಾಗೂ ಇಲಾಖಾ ಕಾರ್ಯಕ್ರಮಗಳಿಗೆ ಹೋಗುತ್ತದೆ. ತಾಲ್ಲೂಕಿನ ಎಲ್ಲ ನಿವಾಸಿಗಳಿಗೂ ಹಣ ವಿತರಿಸುವ ಯೋಜನೆ ಇದಲ್ಲ.

7. ನಾಲ್ಕು ತಾಲ್ಲೂಕುಗಳ ಸ್ಥಿತಿ

ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಿತು. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದ, ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಿಂದ ಬಂದು ಸೇರಿದವು. ಈ ಮೂರೂ ತಾಲ್ಲೂಕುಗಳು 114ರ ಪಟ್ಟಿಯಲ್ಲಿವೆ.

ಚನ್ನಗಿರಿ: ಸೂಳೆಕೆರೆ ಎಂದು ಹೆಸರಾದ ಶಾಂತಿಸಾಗರ, ಭದ್ರಾ ನಾಲೆ ಹಾಗೂ ಅಡಿಕೆ ತೋಟಗಳನ್ನು ಕಂಡವರಿಗೆ ಈ ತಾಲ್ಲೂಕು "ಅತ್ಯಂತ ಹಿಂದುಳಿದ" ವರ್ಗದಲ್ಲಿರುವುದು ಆಶ್ಚರ್ಯವೆನಿಸಬಹುದು. ಸೂಚ್ಯಂಕವು ಒಂದು ಬಾಬಿನ ಲೆಕ್ಕವಲ್ಲ. ಖಾತೆಯ ಒಂದು ಬಾಬಿನಲ್ಲಿ ಮಿಗತೆ ಇದ್ದರೂ ಉಳಿದ ಬಾಬುಗಳಲ್ಲಿ ಕೊರತೆ ಇದ್ದಲ್ಲಿ ಒಟ್ಟು ಶಿಲ್ಕು ಕಡಿಮೆಯೇ ಆಗುತ್ತದೆ. ಅಲ್ಲದೆ ತಾಲ್ಲೂಕಿನೊಳಗೂ ಸ್ಥಿತಿ ಒಂದೇ ಆಗಿಲ್ಲ. ನಾಲೆಯ ನೀರು ತಲುಪದ ಉಬ್ರಾಣಿ ಭಾಗದ ಕೆರೆಗಳಿಗೆ ಭದ್ರಾ ನದಿಯಿಂದ ಏತ ನೀರಾವರಿಯ ಮೂಲಕ ನೀರು ಹರಿಸುವ ಯೋಜನೆ ಬೇಕಾಯಿತು. ತೋಟದ ಮಾಲೀಕರೂ ತೋಟದ ಕೂಲಿಕಾರರೂ ಒಂದೇ ತಾಲ್ಲೂಕಿನವರು. ಸರಾಸರಿಯು ಇಬ್ಬರನ್ನೂ ಬೇರೆ ಬೇರೆಯಾಗಿ ತೋರಿಸುವುದಿಲ್ಲ.

ಜಗಳೂರು: ಕಡಿಮೆ ಮಳೆ ಹಾಗೂ ಇಳಿಯುತ್ತಿರುವ ಅಂತರ್ಜಲ ಈ ತಾಲ್ಲೂಕಿನ ದೀರ್ಘಕಾಲದ ಸಮಸ್ಯೆಯಾಗಿದೆ. ತುಂಗಭದ್ರಾ ನದಿಯಿಂದ 57 ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಇಲ್ಲಿ ಕೈಗೆತ್ತಿಕೊಳ್ಳಲಾಯಿತು. ಭದ್ರಾ ಮೇಲ್ದಂಡೆ ಯೋಜನೆಯ ವ್ಯಾಪ್ತಿಯಲ್ಲಿಯೂ ಈ ತಾಲ್ಲೂಕು ಸೇರಿದೆ. ಕೇಂದ್ರ ಸರ್ಕಾರವು 2023-24ನೇ ಸಾಲಿನ ಆಯವ್ಯಯದಲ್ಲಿ ಸದರಿ ಯೋಜನೆಗೆ 5,300 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಿತು. ಕೆರೆಗೆ ನೀರು ಬಂದಲ್ಲಿ ಕೃಷಿ ಮತ್ತು ಕುಡಿಯುವ ನೀರಿನ ಸೂಚಕಗಳೆರಡೂ ಬದಲಾಗಲು ಅವಕಾಶವಿದೆ. ಆದರೆ ನೀತಿಯ ಫಲವನ್ನು ಘೋಷಿಸಿದ ಮೊತ್ತದಿಂದಲ್ಲ, ಹೊಲ ಮತ್ತು ನಲ್ಲಿಯನ್ನು ತಲುಪಿದ ನೀರಿನಿಂದ ಅಳೆಯತಕ್ಕದ್ದು.

ಹೊನ್ನಾಳಿ ಮತ್ತು ನ್ಯಾಮತಿ: 2002ರಲ್ಲಿ ಸಮಿತಿಯು ಅಳೆದದ್ದು ಅವಿಭಜಿತ ಹೊನ್ನಾಳಿ ತಾಲ್ಲೂಕನ್ನು. ನ್ಯಾಮತಿ ತಾಲ್ಲೂಕು 2018ರಲ್ಲಿ ಪ್ರತ್ಯೇಕವಾಯಿತು. ಆದುದರಿಂದ ಸದರಿ ವರದಿಯಲ್ಲಿ ನ್ಯಾಮತಿಗೆ ಪ್ರತ್ಯೇಕ ಸೂಚ್ಯಂಕವಿಲ್ಲ. 2001 ಮತ್ತು 2011ರ ಜನಗಣತಿ ಕೋಷ್ಟಕಗಳಲ್ಲಿಯೂ ಪ್ರತ್ಯೇಕ ತಾಲ್ಲೂಕಾಗಿ ನಮೂದಾಗಿಲ್ಲ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪವು ಈ ತಾಲ್ಲೂಕಿನಲ್ಲಿದ್ದು, ಸುತ್ತಲೂ ಬಂಜಾರ ತಾಂಡಾಗಳಿವೆ. ಈ ಭಾಗದ ಕೊರತೆಗಳು ಹೊನ್ನಾಳಿಯ ಸರಾಸರಿಯೊಳಗೆ ಸೇರಿಹೋಗಿವೆ.

ಇದೇ ರೀತಿ, ದಾವಣಗೆರೆ ಜಿಲ್ಲೆಯ ಹಳೆಯ ಅಂಕಿ ಅಂಶಗಳನ್ನು ಹೋಲಿಸುವಾಗ ಹರಪನಹಳ್ಳಿ ತಾಲ್ಲೂಕನ್ನು ನೆನಪಿನಲ್ಲಿಡತಕ್ಕದ್ದು. ಸದರಿ ತಾಲ್ಲೂಕು 2018ರಲ್ಲಿ ಬಳ್ಳಾರಿ ಜಿಲ್ಲೆಗೆ ಸೇರಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. 2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ ಸುಮಾರು 19.45 ಲಕ್ಷ ಎಂಬುದರಲ್ಲಿ ಹರಪನಹಳ್ಳಿಯೂ ಸೇರಿದೆ. ಇಂದಿನ ಜಿಲ್ಲೆಯೊಂದಿಗೆ ಈ ಸಂಖ್ಯೆಯನ್ನು ನೇರವಾಗಿ ಹೋಲಿಸುವುದು ತಪ್ಪಾಗುತ್ತದೆ.

8. ಸೂಚ್ಯಂಕದ ಮಿತಿಗಳು

ಅ) ಕಾಲ: 2002ರ ವರದಿಯು ಆ ಕಾಲದ ಅಂಕಿ ಅಂಶಗಳನ್ನು ಆಧರಿಸಿದೆ. ಆಗ ಸ್ಥಿರ ದೂರವಾಣಿಗಳ ಸಂಖ್ಯೆಯು ಪ್ರಗತಿಯ ಗುರುತಾಗಿತ್ತು. ಈಗ ಮೊಬೈಲ್ ಇಲ್ಲದ ಮನೆ ವಿರಳವಾಗಿದ್ದು, ಆ ಸೂಚಕದ ಅರ್ಥವೇ ಬದಲಾಗಿದೆ.

ಆ) ಸರಾಸರಿ: ತಾಲ್ಲೂಕು ಕೇಂದ್ರದ ಆಸ್ಪತ್ರೆಯಲ್ಲಿ ವೈದ್ಯರಿದ್ದಲ್ಲಿ ತಾಲ್ಲೂಕಿನ ಅಂಕ ಏರುತ್ತದೆ. ಮೂವತ್ತು ಕಿಲೋಮೀಟರ್ ದೂರದ ಗ್ರಾಮದ ಗರ್ಭಿಣಿಯು ಆ ಆಸ್ಪತ್ರೆಯನ್ನು ತಲುಪಿದಳೇ ಎಂಬುದು ಅಂಕದಲ್ಲಿ ಕಾಣುವುದಿಲ್ಲ.

ಇ) ದಾಖಲೆ: ಕಬ್ಬು ಕಡಿಯಲು ಅಥವಾ ಕಾಫಿ ತೋಟದ ಕೆಲಸಕ್ಕೆ ತಿಂಗಳುಗಟ್ಟಲೆ ವಲಸೆ ಹೋಗುವ ಕುಟುಂಬದಲ್ಲಿ ಮಗುವೊಂದು ಹುಟ್ಟಿ, ಕೆಲವೇ ದಿನಗಳಲ್ಲಿ ಮರಣ ಹೊಂದಿ, ಎರಡೂ ನೋಂದಣಿಯಾಗದಿದ್ದಲ್ಲಿ, ನೋಂದಣಿ ಪುಸ್ತಕದ ಪ್ರಕಾರ ಆ ಮಗು ಹುಟ್ಟಿಯೂ ಇಲ್ಲ, ಸತ್ತೂ ಇಲ್ಲ. ಅದನ್ನು ಆಧರಿಸಿದ ಲೆಕ್ಕದಲ್ಲಿ ಆ ಗ್ರಾಮದ ಶಿಶು ಮರಣ ಕಡಿಮೆಯೆಂದು ತೋರುವುದು. ಅಗತ್ಯವಾದ ದಾದಿಯ ಹುದ್ದೆ ಬೇರೆಡೆಗೆ ಹೋಗಬಹುದು.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ಜನನ ಮತ್ತು ಮರಣ ನೋಂದಣಿ: ಘಟನೆ ನಡೆದ 21 ದಿನಗಳೊಳಗಾಗಿ ತಿಳಿಸಿದಲ್ಲಿ ನೋಂದಣಿಗೆ ಶುಲ್ಕವಿಲ್ಲ. ತಡವಾದಲ್ಲಿ ಶುಲ್ಕ ಹಾಗೂ ಒಂದು ವರ್ಷ ಮೀರಿದಲ್ಲಿ ಸಕ್ಷಮ ದಂಡಾಧಿಕಾರಿಯ ಆದೇಶ ಅಗತ್ಯವಾಗುತ್ತದೆ. ಘಟನೆಯು ನಡೆದ ಸ್ಥಳದಲ್ಲಿಯೇ ನೋಂದಣಿ ಮಾಡಿಸತಕ್ಕದ್ದು. ವಲಸೆ ಹೋದ ಊರಿನಲ್ಲಿ ಹೆರಿಗೆಯಾದಲ್ಲಿ ಅಲ್ಲಿಯೇ ನೋಂದಾಯಿಸಿ, ಪ್ರಮಾಣ ಪತ್ರವನ್ನು ಪಡೆದುಕೊಂಡೇ ಹಿಂದಿರುಗಲು ಕೋರಲಾಗಿದೆ.

ಆ) ಸಮೀಕ್ಷೆಗಳು: ಬೆಳೆ ಸಮೀಕ್ಷೆ, ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆ ಮುಂತಾದವುಗಳಿಗೆ ಸಿಬ್ಬಂದಿ ಬಂದಾಗ ನಿಖರ ಮಾಹಿತಿ ನೀಡತಕ್ಕದ್ದು. ಪಹಣಿಯಲ್ಲಿನ ಬೆಳೆಯ ವಿವರ ತಪ್ಪಾಗಿದ್ದಲ್ಲಿ ಬೆಳೆ ಪರಿಹಾರಕ್ಕೂ ತಾಲ್ಲೂಕಿನ ಕೃಷಿ ಲೆಕ್ಕಕ್ಕೂ ತೊಂದರೆಯಾಗುತ್ತದೆ. ತಿದ್ದುಪಡಿಗಾಗಿ ಗ್ರಾಮ ಆಡಳಿತ ಅಧಿಕಾರಿಗಳನ್ನು ಸಂಪರ್ಕಿಸಬಹುದು.

ಇ) ಸಕಾಲ: 2011ರ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯತಕ್ಕದ್ದು. ಸಂಖ್ಯೆ ಇಲ್ಲದೆ ನೀಡಿದ ಅರ್ಜಿಯು ವಿಳಂಬದ ಲೆಕ್ಕಕ್ಕೆ ಬರುವುದಿಲ್ಲ.

ಈ) ಗ್ರಾಮ ಸಭೆ: ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಗ್ರಾಮ ಸಭೆಯಲ್ಲಿ ಊರಿನ ಕೊರತೆಗಳನ್ನು ಸಂಖ್ಯೆಯ ಸಹಿತ ಮಂಡಿಸಿ, ನಡವಳಿಯಲ್ಲಿ ದಾಖಲಿಸಲು ಕೋರಬಹುದು. "ನೀರಿನ ತೊಂದರೆ ಇದೆ" ಎಂಬುದಕ್ಕಿಂತ "ಇಷ್ಟು ಮನೆಗಳಿಗೆ, ವಾರದಲ್ಲಿ ಇಷ್ಟು ದಿನ ನೀರು ಬರುವುದಿಲ್ಲ" ಎಂಬ ನಮೂದು ಹೆಚ್ಚು ಉಪಯುಕ್ತ.

ಉ) ಮಾಹಿತಿ ಹಕ್ಕು: ತಮ್ಮ ತಾಲ್ಲೂಕಿಗೆ ಹಂಚಿಕೆಯಾದ ಹಾಗೂ ವೆಚ್ಚವಾದ ಅನುದಾನದ ವಿವರವನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಕೋರಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಹಂಚಿಕೆಯಾದ ಮೊತ್ತ ಹಾಗೂ ವೆಚ್ಚವಾದ ಮೊತ್ತ ಎರಡನ್ನೂ ಕೇಳಲು ಮರೆಯಬಾರದು. ಎರಡೂ ಒಂದೇ ಅಲ್ಲ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅತ್ಯಂತ ಹಿಂದುಳಿದ ತಾಲ್ಲೂಕಿನ ನಿವಾಸಿಗೆ ಹಿಂದುಳಿದ ವರ್ಗದ ಪ್ರಮಾಣ ಪತ್ರ ದೊರೆಯುವುದೇ?
ಉತ್ತರ: ಇಲ್ಲ. ಹಿಂದುಳಿದ ತಾಲ್ಲೂಕು ಬೇರೆ, ಹಿಂದುಳಿದ ವರ್ಗ ಬೇರೆ. ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳನ್ನು ಸಂಬಂಧಿಸಿದ ಪಟ್ಟಿ ಹಾಗೂ ಕುಟುಂಬದ ಆದಾಯವನ್ನು ಪರಿಶೀಲಿಸಿ ನೀಡಲಾಗುತ್ತದೆ. ತಾಲ್ಲೂಕಿನ ಸೂಚ್ಯಂಕಕ್ಕೆ ಇದರಲ್ಲಿ ಸ್ಥಾನವಿಲ್ಲ.

ಪ್ರಶ್ನೆ: ಹಾಗಾದರೆ ವರ್ಗೀಕರಣದಿಂದ ನನಗೆ ವೈಯಕ್ತಿಕ ಪ್ರಯೋಜನವೇ ಇಲ್ಲವೇ?
ಉತ್ತರ: ಕೆಲವು ಸಂದರ್ಭಗಳಲ್ಲಿ ಇದೆ. ರಾಜ್ಯದ ಕೈಗಾರಿಕಾ ನೀತಿಗಳು ತಾಲ್ಲೂಕುಗಳನ್ನು ವಲಯಗಳಾಗಿ ವಿಂಗಡಿಸಿ, ಹಿಂದುಳಿದ ವಲಯದಲ್ಲಿ ಆರಂಭಿಸುವ ಘಟಕಗಳಿಗೆ ಹೆಚ್ಚಿನ ರಿಯಾಯಿತಿ ನೀಡುತ್ತಾ ಬಂದಿವೆ. ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ನೀತಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು.

ಪ್ರಶ್ನೆ: ನಾನು ನ್ಯಾಮತಿ ತಾಲ್ಲೂಕಿನವನು. ಹಳೆಯ ದಾಖಲೆಗಳಲ್ಲಿ ಹೊನ್ನಾಳಿ ಎಂದಿದೆ. ಅರ್ಜಿಯಲ್ಲಿ ಏನೆಂದು ಬರೆಯಬೇಕು?
ಉತ್ತರ: ಈಗಿನ ತಾಲ್ಲೂಕು ನ್ಯಾಮತಿ ಎಂದೇ ಬರೆದು, ಗ್ರಾಮ ಹಾಗೂ ಹೋಬಳಿಯನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಹಳೆಯ ದಾಖಲೆಯ ಹೆಸರಿನ ವ್ಯತ್ಯಾಸಕ್ಕೆ ತಾಲ್ಲೂಕು ವಿಭಜನೆಯೇ ಕಾರಣವೆಂದು ಅರ್ಜಿಯಲ್ಲಿ ತಿಳಿಸಬಹುದು. ಹೊಸ ತಾಲ್ಲೂಕಿನ ಹೆಸರಿನಲ್ಲಿ ದಾಖಲಾದ ಪ್ರತಿಯೊಂದು ಅರ್ಜಿಯೂ ಆ ತಾಲ್ಲೂಕಿನ ಪ್ರತ್ಯೇಕ ಲೆಕ್ಕಕ್ಕೆ ಆಧಾರವಾಗುತ್ತದೆ.

ಪ್ರಶ್ನೆ: ಸಮೀಕ್ಷೆಯಲ್ಲಿ ಕೊರತೆಯನ್ನು ಹೆಚ್ಚಾಗಿ ತೋರಿಸಿದಲ್ಲಿ ಊರಿಗೆ ಅನುದಾನ ಹೆಚ್ಚು ಬರುವುದಲ್ಲವೇ?
ಉತ್ತರ: ತಪ್ಪು ಮಾಹಿತಿಯು ಅನುದಾನವನ್ನು ತಪ್ಪು ಬಾಬಿಗೆ ಕೊಂಡೊಯ್ಯುತ್ತದೆ. ಇರುವ ಶಾಲೆಯನ್ನು ಇಲ್ಲವೆಂದರೆ ಕೊಠಡಿ ಬಂದೀತು. ಬೇಕಾಗಿದ್ದ ಶಿಕ್ಷಕರು ಬರಲಾರರು. ಅಂತೆಯೇ ಅಧಿಕಾರಿಗಳಾಗಲಿ ಜನಪ್ರತಿನಿಧಿಗಳಾಗಲಿ ಸಾಧನೆಯನ್ನು ಹೆಚ್ಚಿಸಿ ತೋರಿಸಿದಲ್ಲಿ ನಿಜವಾದ ಕೊರತೆ ಮುಚ್ಚಿಹೋಗುತ್ತದೆ.

ಪ್ರಶ್ನೆ: ತಾಲ್ಲೂಕಿನ ಅಂಕಿ ಅಂಶಗಳು ಎಲ್ಲಿ ದೊರೆಯುತ್ತವೆ?
ಉತ್ತರ: ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಜಿಲ್ಲಾ ಕಚೇರಿಯು ಪ್ರಕಟಿಸುವ "ಜಿಲ್ಲಾ ಅಂಕಿ ಅಂಶಗಳ ನೋಟ"ದಲ್ಲಿ ದೊರೆಯುತ್ತವೆ. ರಾಜ್ಯದಲ್ಲಿ ಆಗ ಇದ್ದ ಎಲ್ಲ 30 ಜಿಲ್ಲೆಗಳಿಗೆ 2014ರಲ್ಲಿ ಸಿದ್ಧಪಡಿಸಲಾದ ಜಿಲ್ಲಾ ಮಾನವ ಅಭಿವೃದ್ಧಿ ವರದಿಗಳಲ್ಲಿ ದಾವಣಗೆರೆಯದೂ ಇದೆ.

11. ಮುಂದಿನ ಕ್ರಮ

ಎರಡು ದಶಕಗಳ ಹಿಂದಿನ ವರ್ಗೀಕರಣವನ್ನು ಪುನರ್ ಪರಿಶೀಲಿಸಲು ರಾಜ್ಯ ಸರ್ಕಾರವು 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಿತು. 2021ರಲ್ಲಿ ನಡೆಯಬೇಕಿದ್ದ ಜನಗಣತಿಯು ಮುಂದೂಡಲ್ಪಟ್ಟಿದ್ದು, 2027ರಲ್ಲಿ ಜನಗಣತಿ ನಡೆಸುವ ಬಗ್ಗೆ ಕೇಂದ್ರ ಸರ್ಕಾರವು 2025ರ ಜೂನ್ ತಿಂಗಳಿನಲ್ಲಿ ಅಧಿಸೂಚನೆ ಹೊರಡಿಸಿತು. ರಾಜ್ಯದ ಬಹುಭಾಗಕ್ಕೆ ಹೊಸ ಸಂಖ್ಯೆಗಳು ಹಳೆಯ ಸಂಖ್ಯೆಗಳ ತಿದ್ದುಪಡಿಯಾಗುತ್ತವೆ. ನ್ಯಾಮತಿಯಂತಹ ಹೊಸ ತಾಲ್ಲೂಕಿಗೆ ಪ್ರತ್ಯೇಕ ತಾಲ್ಲೂಕಾಗಿ ದೊರೆಯುವ ಮೊದಲ ಜನಗಣತಿ ಲೆಕ್ಕ ಅದೇ ಆಗಿರುತ್ತದೆ.

ಗಣತಿದಾರರು ಬರುವ ಸಮಯದಲ್ಲಿ ದುಡಿಮೆಗಾಗಿ ಹೊರ ಜಿಲ್ಲೆಗೆ ಹೋಗಿರುವ ಕುಟುಂಬಗಳು ತಾವಿರುವ ಸ್ಥಳದಲ್ಲಿಯೇ ಎಣಿಕೆಗೆ ಒಳಗಾಗಿ, ಹುಟ್ಟೂರು ಹಾಗೂ ವಲಸೆಯ ಕಾರಣವನ್ನು ತಪ್ಪದೆ ತಿಳಿಸಲು ಕೋರಲಾಗಿದೆ. ನಾಲ್ಕೂ ತಾಲ್ಲೂಕುಗಳ ಸಾರ್ವಜನಿಕರು ತಮ್ಮ ಮನೆಯ ಜನನ, ಮರಣ, ಪಹಣಿ ಹಾಗೂ ಶಾಲಾ ದಾಖಲೆಗಳನ್ನು ಈಗಲೇ ಪರಿಶೀಲಿಸಿಕೊಂಡು, ಲೋಪಗಳಿದ್ದಲ್ಲಿ ಸಮೀಪದ ನಾಡಕಚೇರಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಸರಿಪಡಿಸಿಕೊಳ್ಳತಕ್ಕದ್ದು.